ಪ್ಲೇಗಿನ ಮದ್ದು ಮತ್ತು ಮಲ್ಕೋವಾಲದ ಸೀಸೆ
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಪ್ಲೇಗು ಬಂದಾಗ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿದ ಕಥೆಯನ್ನು ನಾವೆಲ್ಲ ಹಿರಿಯರಿಂದ ಕೇಳಿದ್ದೇವೆ. ಆ ರೋಗದ ಚುಚ್ಚುಮದ್ದು ತಯಾರಾದದ್ದು ವಿಲಾಯತಿಯಲ್ಲಲ್ಲ, ಮುಂಬಯಿಯಲ್ಲಿ.

1896ರಲ್ಲಿ ಅಲ್ಲಿ ಪ್ಲೇಗು ಹೊಕ್ಕಿತು. ಗಿರಣಿ ಕೆಲಸಗಾರರು ಗುಂಪುಗುಂಪಾಗಿ ಊರು ಬಿಟ್ಟರು. ಮರುವರ್ಷ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದಿತು; ಪುಣೆಯಲ್ಲಿ ಗೋರಾ ಸಿಪಾಯಿಗಳನ್ನು ಮನೆಗಳಿಗೆ ನುಗ್ಗಿಸಿತು. ಆ ಜನ ಸರ್ಕಾರದ ಸೂಜಿಗೂ ಹೆದರಿದ್ದರೆ ಅವರನ್ನು ಮೂಢರೆಂದು ನಾವು ಹಳಿಯಲಾರೆವು.

ಅದೇ ಹೊತ್ತಿಗೆ ಗ್ರಾಂಟ್ ಮೆಡಿಕಲ್ ಕಾಲೇಜಿನ ಕೋಣೆಯೊಂದರಲ್ಲಿ, ಒಬ್ಬ ಗುಮಾಸ್ತ, ಮೂವರು ಜವಾನರನ್ನು ಇಟ್ಟುಕೊಂಡು ವಾಲ್ಡೆಮಾರ್ ಹಾಫ್‌ಕಿನ್ ಕೆಲಸಕ್ಕೆ ಕುಳಿತಿದ್ದರು. ಒಡೆಸ್ಸಾದ ಯಹೂದಿ, ಜಾರನ ಪೊಲೀಸರ ರುಚಿ ಕಂಡವರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಸಿದರು. ಪ್ಲೇಗಿನ ಜೀವಾಣುಗಳು ಹನಿಗಳಿಗೆ ಜೋತು ಆಲದ ಬಿಳಲಿನಂತೆ ಇಳಿದು ಬೆಳೆದವು. ಅವನ್ನು ಕಾಯಿಸಿ ಕೊಂದು ಮದ್ದು ಮಾಡಿದರು. 1897ರ ಜನವರಿ 10ರಂದು ಮೊದಲು ಚುಚ್ಚಿಸಿಕೊಂಡವರು ತಾವೇ. ಜ್ವರ ಬಂದು ಇಳಿಯಿತು. ಆಮೇಲೆ ಬೈಕಲಾ ಜೈಲಿನಲ್ಲಿ ಒಪ್ಪಿದ ಕೈದಿಗಳಿಗೆ ಕೊಟ್ಟರು. (ಜೈಲಿನೊಳಗಿನ ಒಪ್ಪಿಗೆ ಎಂಥದೆಂದು ಕೇಳಬೇಕಾದ್ದೇ.) ಮದ್ದು ಎಲ್ಲರನ್ನೂ ಉಳಿಸಲಿಲ್ಲ, ಆದರೆ ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾಯಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ತೋಳು ಕೊಟ್ಟರು.

1902ರಲ್ಲಿ ಪಂಜಾಬ್ ಸರ್ಕಾರ ಲಕ್ಷಗಟ್ಟಲೆ ಮದ್ದು ಕೇಳಿತು. ತಯಾರಿಕೆ ಬೇಗ ಆಗಲೆಂದು ಹಾಫ್‌ಕಿನ್ ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಬಿಟ್ಟು ಕಾವನ್ನೇ ನಂಬಿದರು. ಅಕ್ಟೋಬರ್ 30ರಂದು, ಈಗ ಪಾಕಿಸ್ತಾನದಲ್ಲಿರುವ ಮಲ್ಕೋವಾಲ್ ಹಳ್ಳಿಯಲ್ಲಿ 107 ಜನರಿಗೆ ಚುಚ್ಚಿದರು. ಒಂದೇ ಸೀಸೆಯಿಂದ ಮದ್ದು ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ವಿಚಾರಣಾ ಆಯೋಗ ಪ್ರಯೋಗಶಾಲೆಯತ್ತ ಬೆರಳು ತೋರಿಸಿತು. ಹಾಫ್‌ಕಿನ್ ಹುದ್ದೆ ಹೋಯಿತು. ಸೀಸೆ ಬಿಚ್ಚುವಾಗ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಮಾಡದೆ ಬಳಸಿದ್ದರು ಎಂಬ ಸಾಕ್ಷ್ಯವನ್ನು ಬದಿಗಿಟ್ಟರು. ಅವಸರ ಮಾಡಿದವರು ಯಾರು, ಹಳ್ಳಿಗೆ ಕಳಿಸಿದ ಸಿಬ್ಬಂದಿಗೆ ತರಬೇತಿ ಎಷ್ಟಿತ್ತು? ಗಿರಣಿಯಲ್ಲಿ ಅಪಘಾತವಾದಾಗ ನಾವು ಕೇಳುವ ಪ್ರಶ್ನೆಯೂ ಇದೇ.

ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಪಟ್ಟು ಹಿಡಿದ ಮೇಲೆ 1907ರಲ್ಲಿ ಕಳಂಕ ತೊಳೆಯಿತು. ಕೆಲಸ ಕೊಟ್ಟದ್ದು ಕಲ್ಕತ್ತೆಯಲ್ಲಿ. ಮುಂಬಯಿಯ ಹುದ್ದೆ ಮರಳಲಿಲ್ಲ. ಅವರು ಭಾರತ ಬಿಟ್ಟು ಹೋದ ಎಷ್ಟೋ ವರ್ಷಗಳ ಮೇಲೆ, 1925ರಲ್ಲಿ, ಪರೇಲಿನ ಪ್ರಯೋಗಶಾಲೆಗೆ ಹಾಫ್‌ಕಿನ್ ಎಂದು ಹೆಸರಿಟ್ಟರು.