ಕೋಡಿ: ಆಟ ಮೊದಲು, ಊರು ಆಮೇಲೆ



ಯೆಲ್ಲೋಸ್ಟೋನ್ ನೋಡೋಕೆ ಹೊರಡುವ ನಮ್ಮ ಜನರ ಪ್ಲಾನ್ ನೋಡಿದ್ದೀರಾ? ಎಕ್ಸೆಲ್ ಶೀಟಿನಲ್ಲಿ ಗಂಟೆಗಂಟೆಯ ಲೆಕ್ಕ ಇರುತ್ತೆ. ಬಿಸಿನೀರಿನ ಬುಗ್ಗೆಗೆ ಎಷ್ಟು ಹೊತ್ತು, ಕಾಡೆಮ್ಮೆಗೆ ಎಷ್ಟು ಹೊತ್ತು, ಎಲ್ಲ ಬರೆದಿರ್ತಾರೆ. ಆದರೆ ಕೋಡಿ ಅನ್ನೋ ಊರಿನ ಮುಂದೆ ಮಾತ್ರ ಎರಡೇ ಪದ: ನೈಟ್ ಹಾಲ್ಟ್. ನಾನು ಇವತ್ತು ಹೇಳೋದು ಇಷ್ಟೇ. ಆ ಊರಿಗೆ ಎರಡು ರಾತ್ರಿ ಕೊಡಿ. ನಡುವಿನ ಒಂದು ಪೂರ್ತಿ ದಿನದಲ್ಲಿ ಅಮೆರಿಕ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಕತೆಯೂ ಸಿಗುತ್ತೆ, ಬಹಳ ಕಾಲ ಹೇಳದೇ ಬಿಟ್ಟ ಕತೆಯೂ ಸಿಗುತ್ತೆ. ಎರಡರ ನಡುವೆ ಕಾರಿನಲ್ಲಿ ಅರ್ಧ ಗಂಟೆ ದೂರ ಕೂಡ ಇಲ್ಲ.

ಮೊದಲು ಊರು ಎಲ್ಲಿದೆ ಅಂತ ಹೇಳಿಬಿಡ್ತೀನಿ. ವಯೋಮಿಂಗ್ ರಾಜ್ಯದ ವಾಯವ್ಯ ಮೂಲೆ. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರ, ಜನಸಂಖ್ಯೆ ಸುಮಾರು 10 ಸಾವಿರ. ಯೆಲ್ಲೋಸ್ಟೋನಿನ ಪೂರ್ವ ಬಾಗಿಲಿಗೆ ಇಲ್ಲಿಂದ ಸುಮಾರು 85 ಕಿಲೋಮೀಟರ್. ಹೆಸರು ಕೇಳಿ ಕೆರೆ ಕೋಡಿ ನೆನಪಾದರೆ ತಪ್ಪೇನಿಲ್ಲ, ಯಾಕೆಂದರೆ ನೀರಿನ ಕತೆಯೂ ಇಲ್ಲಿ ಇದೆ. ಆದರೆ ಊರಿಗೆ ಹೆಸರು ಬಂದಿದ್ದು ಒಬ್ಬ ಮನುಷ್ಯನಿಂದ. ವಿಲಿಯಂ ಎಫ್. ಕೋಡಿ. ಜಗತ್ತಿಗೆ ಅವನು ಗೊತ್ತಿರೋದು ಬಫಲೋ ಬಿಲ್ ಅಂತ.

1846ರಲ್ಲಿ ಹುಟ್ಟಿದವನು. ಕಾನ್ಸಾಸ್‌ನಲ್ಲಿ ರೈಲು ಹಳಿ ಹಾಕುವ ಕೂಲಿಗಳ ಊಟಕ್ಕೆ ಕಾಡೆಮ್ಮೆ ಹೊಡೆದು ಮಾಂಸ ಒದಗಿಸೋದು ಅವನ ಕೆಲಸವಾಗಿತ್ತು. ಹದಿನೆಂಟು ತಿಂಗಳಲ್ಲಿ 4,280 ಹೊಡೆದೆ ಅಂತ ಅವನೇ ಹೇಳಿಕೊಂಡಿದ್ದಾನೆ. ಆಮೇಲೆ ಸೈನ್ಯಕ್ಕೆ ದಾರಿ ತೋರಿಸುವವನಾದ. 1883ರಲ್ಲಿ 'ವೈಲ್ಡ್ ವೆಸ್ಟ್' ಅಂತ ಬಯಲಾಟದಂಥ ದೊಡ್ಡ ಪ್ರದರ್ಶನ ಶುರು ಮಾಡಿದ. ಕುದುರೆ, ಕಾಡೆಮ್ಮೆ, ಕೌಬಾಯ್‌ಗಳು, ನಿಜವಾದ ಲಕೋಟಾ ಯೋಧರು. ಸಿಟಿಂಗ್ ಬುಲ್‌ನಂಥ ನಾಯಕ 1885ರಲ್ಲಿ ಒಂದು ಸೀಸನ್ ಇದರಲ್ಲಿ ಇದ್ದ. 1887ರಲ್ಲಿ ಲಂಡನ್‌ಗೂ ಹೋಗಿ ವಿಕ್ಟೋರಿಯಾ ರಾಣಿಯ ಮುಂದೆ ಆಡಿ ಬಂದರು.

ಆ ಆಟದ ಒಂದು ಜನಪ್ರಿಯ ದೃಶ್ಯ ಏನು ಗೊತ್ತಾ? ಬಿಳಿಯ ವಲಸಿಗನ ಗುಡಿಸಲಿನ ಮೇಲೆ ಮೂಲನಿವಾಸಿಗಳ ದಾಳಿ, ಬಫಲೋ ಬಿಲ್ ಬಂದು ಕಾಪಾಡೋದು. ಸ್ವಲ್ಪ ಯೋಚನೆ ಮಾಡಿ. ಜಮೀನು ಕಳೆದುಕೊಂಡವರು ಯಾರು, ಆಟದಲ್ಲಿ ದಾಳಿಕೋರರಾಗಿದ್ದು ಯಾರು? ಆ ಪಾತ್ರವನ್ನೂ ಕಳೆದುಕೊಂಡವರೇ ಸಂಬಳಕ್ಕೆ ಮಾಡಬೇಕಾಯಿತು. ಆಮೇಲೆ ಬಂದ ಕೌಬಾಯ್ ಸಿನಿಮಾಗಳಲ್ಲಿ ನಾವೆಲ್ಲ ನೋಡಿದ್ದೂ ಇದೇ ದೃಶ್ಯವನ್ನು.

ಈಗ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ಫ್ರಾಂಟಿಯರ್ ಅಂದರೆ ಬಿಳಿಯರ ವಸತಿ ಮುಗಿದು ಅವರ ಕಣ್ಣಿಗೆ 'ಖಾಲಿ ಜಾಗ' ಶುರುವಾಗುವ ಅಂಚು. ಅಂಥ ಗೆರೆ ಇನ್ನು ಉಳಿದಿಲ್ಲ ಅಂತ ಅಮೆರಿಕದ ಜನಗಣತಿ ಇಲಾಖೆ ಹೇಳಿದ್ದು 1890ರ ಗಣತಿಯಾದ ಮೇಲೆ. ಕೋಡಿ ಊರು ಹುಟ್ಟಿದ್ದು 1896ರ ಹೊತ್ತಿಗೆ. ಅಂದರೆ ಫ್ರಾಂಟಿಯರ್ ಮುಗಿದ ಮೇಲೆ! ಆಟ ಶುರುವಾಗಿ ಆಗಲೇ ಹದಿಮೂರು ವರ್ಷ ಆಗಿತ್ತು. ಹಾಗಾಗಿ ಮುಖ್ಯರಸ್ತೆಯಲ್ಲಿ ನಿಂತು "ಇದು ಅಸಲಿಯೋ ಪ್ರವಾಸಿಗರಿಗೆ ಮಾಡಿದ್ದೋ" ಅಂತ ಕೇಳಿದರೆ ಉತ್ತರ ಸಿಗಲ್ಲ. ಈ ಊರಿನ ಅಸಲಿ ಪರಂಪರೆಯೇ ಪ್ರದರ್ಶನ.

ಅದನ್ನು ತಿಳಿದುಕೊಂಡು ನೋಡಿದರೆ ಊರು ಇನ್ನೂ ಚೆನ್ನಾಗಿ ಕಾಣುತ್ತೆ. ಬಫಲೋ ಬಿಲ್ 1902ರಲ್ಲಿ ಕಟ್ಟಿಸಿ ಮಗಳ ಹೆಸರಿಟ್ಟ ಇರ್ಮಾ ಹೋಟೆಲ್ ಇಂದಿಗೂ ನಡೀತಿದೆ. ಒಳಗೆ ಚೆರ್ರಿ ಮರದ ದೊಡ್ಡ ಬಾರ್ ಕೌಂಟರ್ ಇದೆ. ವಿಕ್ಟೋರಿಯಾ ರಾಣಿ ಕೊಟ್ಟ ಉಡುಗೊರೆ ಅಂತ ಊರಿನವರು ಹೇಳ್ತಾರೆ. ರಾಣಿ ತೀರಿಕೊಂಡಿದ್ದು 1901ರ ಜನವರಿಯಲ್ಲಿ, ಹೋಟೆಲ್ ತೆರೆದಿದ್ದು 1902ರ ನವೆಂಬರ್‌ನಲ್ಲಿ. ಲೆಕ್ಕ ನೀವೇ ಹಾಕಿಕೊಳ್ಳಿ. ಬೇಸಿಗೆಯ ಸಂಜೆ ಹೋಟೆಲಿನ ಪಕ್ಕದಲ್ಲೇ ಸುಳ್ಳು ಗುಂಡಿನ ಕಾಳಗ ನಡೆಯುತ್ತೆ, ಮಕ್ಕಳಿಗೆ ಬಹಳ ಇಷ್ಟ ಆಗುತ್ತೆ.

ಜೂನ್‌ನಿಂದ ಆಗಸ್ಟ್‌ವರೆಗೆ ಪ್ರತಿ ರಾತ್ರಿ ರೋಡಿಯೋ ಇರುತ್ತೆ. ಗೂಳಿಯ ಬೆನ್ನ ಮೇಲೆ ಒಂದೇ ಕೈಯಲ್ಲಿ ಹಗ್ಗ ಹಿಡಿದು ಎಂಟು ಸೆಕೆಂಡ್ ಕೂತಿರಬೇಕು. ಎಂಟು ಸೆಕೆಂಡ್ ಏನು ಮಹಾ ಅನ್ನಿಸುತ್ತೆ, ನೋಡಿದಾಗ ಗೊತ್ತಾಗುತ್ತೆ. ದನ ಕಾಯುವವರ ದಿನನಿತ್ಯದ ಕೆಲಸ ಪಂದ್ಯವಾಗಿ ಬೆಳೆದದ್ದು ಇದು. ಕಂಬಳ ನೋಡಿದವರಿಗೆ ಇದನ್ನು ವಿವರಿಸೋದು ಬೇಡ.

ಊರಿನ ಪಶ್ಚಿಮಕ್ಕೆ ಓಲ್ಡ್ ಟ್ರೇಲ್ ಟೌನ್ ಅಂತ ಇದೆ. 1879ರಿಂದ 1901ರವರೆಗಿನ ಮರದ ಕಟ್ಟಡಗಳನ್ನು ಬೇರೆ ಬೇರೆ ಕಡೆಯಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ್ದಾರೆ. ಬುಚ್ ಕ್ಯಾಸಿಡಿಯ ಗುಂಪು ಬಳಸುತ್ತಿದ್ದ ಗುಡಿಸಲೂ ಇದೆ, ಸೈನ್ಯಕ್ಕೆ ದಾರಿ ತೋರಿಸಿದ ಕ್ರೋ ಜನಾಂಗದ ಕರ್ಲಿಯ ಮನೆಯೂ ಇದೆ. ಎಷ್ಟು ಚಿಕ್ಕ ಕೋಣೆಗಳು ಅಂದರೆ, ಸಿನಿಮಾದ ವೈಭವ ಅಲ್ಲೇ ಇಳಿದುಹೋಗುತ್ತೆ. ಇನ್ನು ಊರಿನೊಳಗೆ ಬಫಲೋ ಬಿಲ್ ಸೆಂಟರ್ ಆಫ್ ದಿ ವೆಸ್ಟ್, ಒಂದೇ ಸೂರಿನಡಿ ಐದು ಮ್ಯೂಸಿಯಂ. ಸಮಯ ಕಡಿಮೆ ಇದ್ದರೆ ಬಂದೂಕುಗಳ ವಿಭಾಗ ಬಿಟ್ಟರೂ ಪರವಾಗಿಲ್ಲ, ಪ್ಲೇನ್ಸ್ ಇಂಡಿಯನ್ ಮ್ಯೂಸಿಯಂ ಬಿಡಬೇಡಿ. ಆಟದಲ್ಲಿ ದಾಳಿಕೋರರಾಗಿ ಕಂಡವರ ಮನೆ, ಬಟ್ಟೆ, ಕಸೂತಿ, ಬದುಕು ಎಲ್ಲ ಅಲ್ಲಿದೆ.

ಈಗ ನೀರಿನ ಕತೆ. ಊರಿನ ಪಕ್ಕ ಹರಿಯೋದು ಶೋಶೋನಿ ನದಿ. ಇದರ ಹಳೆಯ ಇಂಗ್ಲಿಷ್ ಹೆಸರಿನ ಅರ್ಥ 'ನಾರುವ ನೀರು', ಗಂಧಕದ ಬುಗ್ಗೆಗಳ ವಾಸನೆಗೆ ಇಟ್ಟ ಹೆಸರು. ಅಂಥ ಹೆಸರಿಟ್ಟುಕೊಂಡು ಜಮೀನು ಮಾರೋದು ಹೇಗೆ? ಹೆಸರು ಬದಲಾಯಿತು. ಆ ನದಿಗೆ ಊರಿನ ಪಶ್ಚಿಮದ ಕಣಿವೆಯಲ್ಲಿ 1905ರಿಂದ 1910ರವರೆಗೆ ಕಾಂಕ್ರೀಟ್ ಅಣೆಕಟ್ಟು ಕಟ್ಟಿದರು. 325 ಅಡಿ, ಮುಗಿದಾಗ ಜಗತ್ತಿನಲ್ಲೇ ಅತಿ ಎತ್ತರದ್ದು. ನಮ್ಮ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದು ಅದರ ಮರುವರ್ಷ. ಒಣಭೂಮಿಗೆ ನೀರು ಕೊಟ್ಟು ಜನರನ್ನು ತರಬೇಕು ಅನ್ನೋದು ಬಫಲೋ ಬಿಲ್‌ನ ಕನಸು. ಅವನ ಕೈಲಿ ದುಡ್ಡು ಸಾಲದೆ ಸರ್ಕಾರ ಮುಂದುವರಿಸಿದ ಕೆಲಸ ಇದು.

ಆ ನೀರಾವರಿ ಯೋಜನೆಯ ಜಮೀನಿನಲ್ಲೇ, ಕೋಡಿಯಿಂದ ಪೊವೆಲ್ ಊರಿಗೆ ಹೋಗುವ ದಾರಿಯಲ್ಲಿ, ಹಾರ್ಟ್ ಮೌಂಟನ್ ಅನ್ನೋ ಬೆಟ್ಟದ ಬಯಲಿದೆ. ನಿಮ್ಮ ದಿನದ ಕೊನೆಯ ಎರಡು ಗಂಟೆ ಇಲ್ಲಿಗೆ ಇಡಿ.

1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಅದರ ಬಲದಲ್ಲಿ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಮನೆ, ಅಂಗಡಿ, ತೋಟ ಬಿಡಿಸಿ ಶಿಬಿರಗಳಿಗೆ ಕಳಿಸಲಾಯಿತು. ಒಟ್ಟು ಸುಮಾರು 1,20,000 ಜನ. ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ. ಹಾರ್ಟ್ ಮೌಂಟನ್ ಶಿಬಿರ 1942ರ ಆಗಸ್ಟ್‌ನಿಂದ 1945ರ ನವೆಂಬರ್‌ವರೆಗೆ ಇತ್ತು. ಮುಳ್ಳುತಂತಿ, ಕಾವಲು ಗೋಪುರ, ಗಾಳಿ ನುಗ್ಗುವ ಮರದ ಬ್ಯಾರಕ್‌ಗಳು. ಒಂದು ಹಂತದಲ್ಲಿ ಒಳಗೆ 10 ಸಾವಿರಕ್ಕೂ ಹೆಚ್ಚು ಜನ ಇದ್ದರು. ಅಂದರೆ ಜನಸಂಖ್ಯೆಯಲ್ಲಿ ಅದು ಇಡೀ ವಯೋಮಿಂಗ್‌ನ ಮೂರನೇ ದೊಡ್ಡ ಊರು!

ಅಲ್ಲಿದ್ದವರು ಏನು ಮಾಡಿದರು? ಗಿಡಗಂಟಿ ಕಿತ್ತು, ಅರ್ಧಕ್ಕೆ ನಿಂತಿದ್ದ ಕಾಲುವೆ ಕೆಲಸ ಮುಗಿಸಿ, ನೀರು ಹರಿಸಿ ತರಕಾರಿ ಬೆಳೆದರು. ಫ್ರಾಂಟಿಯರ್ ವೀರರು ಮಾಡಿದ್ದು ಅಂತ ಕತೆಯಲ್ಲಿ ಹೇಳುವ ಕೆಲಸ ಇದೇ ಅಲ್ವಾ? ಶಿಬಿರ ಮುಚ್ಚಿದಾಗ ಇವರ ಕೈಗೆ ಸಿಕ್ಕಿದ್ದು 25 ಡಾಲರ್ ಮತ್ತು ಒಂದು ರೈಲು ಟಿಕೆಟ್. ಆಮೇಲೆ ಅದೇ ಯೋಜನೆಯ ಜಮೀನನ್ನು ಯುದ್ಧದಿಂದ ಮರಳಿದ ಸೈನಿಕರಿಗೆ ಚೀಟಿ ಎತ್ತಿ ಹಂಚಿದರು. ಬ್ಯಾರಕ್‌ಗಳನ್ನು ತುಂಡು ಮಾಡಿ ಅವರ ಮನೆಗಳಿಗೆ ಸಾಗಿಸಿದರು. ಬಂದವರು ಒಳ್ಳೆಯವರೇ, ಕಷ್ಟಪಟ್ಟವರೇ. ಆದರೆ 'ನೆಲ ಹಸನು ಮಾಡಿದವರು' ಅನ್ನೋ ಹೆಸರು ಯಾರಿಗೆ ಹೋಯಿತು ನೋಡಿ.

ಈ ಕತೆಗೆ ಇನ್ನೊಂದು ಎಳೆ ಇದೆ. ಶಿಬಿರದೊಳಗೆ ನಾರ್ಮನ್ ಮಿನೆಟಾ ಅನ್ನೋ ಹುಡುಗ ಇದ್ದ. ಕ್ಯಾಲಿಫೋರ್ನಿಯಾದಿಂದ ಹೊರಡುವಾಗ ಅವನ ಬೇಸ್‌ಬಾಲ್ ಬ್ಯಾಟನ್ನು ಸೈನಿಕರು ಕಿತ್ತುಕೊಂಡಿದ್ದರು. ಕೋಡಿ ಊರಿನಲ್ಲಿ ಅಲನ್ ಸಿಂಪ್ಸನ್ ಅನ್ನೋ ಹುಡುಗ. ಇಬ್ಬರೂ ಸ್ಕೌಟ್‌ಗಳು. ಕೋಡಿಯ ಸ್ಕೌಟ್ ಮಾಸ್ಟರ್ ತನ್ನ ಹುಡುಗರನ್ನು ಮುಳ್ಳುತಂತಿಯ ಒಳಗೆ ಕರೆದುಕೊಂಡು ಹೋದರು, ಇವರಿಬ್ಬರು ಒಂದೇ ಟೆಂಟು ಹಂಚಿಕೊಂಡರು. ಮುಂದೆ ಮಿನೆಟಾ ಡೆಮಾಕ್ರಟ್ ಸಂಸದರಾದರು, ಸಿಂಪ್ಸನ್ ರಿಪಬ್ಲಿಕನ್ ಸೆನೆಟರ್. 1988ರಲ್ಲಿ ಸರ್ಕಾರ ಅಧಿಕೃತವಾಗಿ ಕ್ಷಮೆ ಕೇಳಿ, ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಡುವ ಕಾನೂನು ಬಂತು. ಅದಕ್ಕಾಗಿ ಈ ಇಬ್ಬರೂ ದುಡಿದರು. ಪಕ್ಷ ಬೇರೆ, ಗೆಳೆತನ ಕೊನೆಯವರೆಗೂ ಒಂದೇ.

ಇಂದು ಅಲ್ಲಿ 2011ರಲ್ಲಿ ತೆರೆದ ಮ್ಯೂಸಿಯಂ ಇದೆ, ಕಟ್ಟಡದ ಆಕಾರವೇ ಬ್ಯಾರಕ್‌ನದು. ಹೊರಗೆ ಆಸ್ಪತ್ರೆಯ ಇಟ್ಟಿಗೆ ಚಿಮಣಿ ಒಂಟಿಯಾಗಿ ನಿಂತಿದೆ, ಜೊತೆಗೆ ಆಗಿನದೇ ಒಂದು ಬ್ಯಾರಕ್. ಸುತ್ತ ಹೊಲ, ಎದುರಿಗೆ ಬೆಟ್ಟ. ರೋಡಿಯೋದ ಚಪ್ಪಾಳೆ ಕೇಳಿಬಂದವರಿಗೆ ಆ ಮೌನ ಜೋರಾಗಿಯೇ ಕೇಳಿಸುತ್ತೆ.

ಇದು ಅಮೆರಿಕದ ತಪ್ಪು, ನಮಗೇನು ಅಂತ ಕೇಳಬಹುದು. 1962ರ ಯುದ್ಧದ ಹೊತ್ತಿನಲ್ಲಿ ಅಸ್ಸಾಂ, ಬಂಗಾಳಗಳಲ್ಲಿದ್ದ ಚೀನೀ ಮೂಲದ ಸಾವಿರಾರು ಜನರನ್ನು ಹಿಡಿದು ರಾಜಸ್ಥಾನದ ದೇವಲಿ ಶಿಬಿರಕ್ಕೆ ಕಳಿಸಿದ್ದರು. ಅವರಲ್ಲಿ ಇಲ್ಲೇ ಹುಟ್ಟಿದವರೂ ಇದ್ದರು. ನಮ್ಮ ಶಾಲೆಯ ಪಾಠದಲ್ಲಿ ಇದನ್ನು ಎಷ್ಟು ಜನ ಓದಿದ್ದೀರಿ? ಮುಂಬೈ, ಪುಣೆ, ಚೆನ್ನೈ, ದೆಹಲಿಯಲ್ಲಿ ಕೂತು ಇದನ್ನು ಕೇಳ್ತಿರೋ ನಮಗೆಲ್ಲ "ನೀವು ಮೂಲತಃ ಎಲ್ಲಿಯವರು?" ಅನ್ನೋ ಪ್ರಶ್ನೆ ರೂಢಿಯಾಗಿದೆ. ನಗುತ್ತಾ ಉತ್ತರ ಕೊಡ್ತೀವಿ. ಅದೇ ಪ್ರಶ್ನೆಯನ್ನು ಸರ್ಕಾರ ಕೇಳಿದಾಗ ಏನಾಗುತ್ತೆ ಅಂತ ಆ ಚಿಮಣಿ ಹೇಳುತ್ತೆ.

ಹೋಗೋರಿಗೆ ಕೊನೆಯದಾಗಿ ಎರಡು ಮಾತು. ಯೆಲ್ಲೋಸ್ಟೋನಿನ ಪೂರ್ವ ಬಾಗಿಲು ಚಳಿಗಾಲದಲ್ಲಿ ಕಾರುಗಳಿಗೆ ಮುಚ್ಚಿರುತ್ತೆ, ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯದು. ಇದು ದನದ ಮಾಂಸದ ಊರು, ಸಸ್ಯಾಹಾರಿಗಳು ಚೀಲದಲ್ಲಿ ಉಪ್ಪಿಟ್ಟಿನ ಪ್ಯಾಕೆಟ್ ಇಟ್ಟುಕೊಳ್ಳಿ. ಬೆಳಗ್ಗೆ ಮ್ಯೂಸಿಯಂ, ಮಧ್ಯಾಹ್ನ ಟ್ರೇಲ್ ಟೌನ್ ಮತ್ತು ಅಣೆಕಟ್ಟು, ಮೂರು ಗಂಟೆಗೆ ಹಾರ್ಟ್ ಮೌಂಟನ್, ರಾತ್ರಿ ರೋಡಿಯೋ. ಈ ಕ್ರಮ ಬದಲಿಸಬೇಡಿ. ಹಾರ್ಟ್ ಮೌಂಟನ್ ನೋಡಿ ಬಂದು ರೋಡಿಯೋದಲ್ಲಿ ಕೂತರೂ ಖುಷಿಯಾಗೇ ಆಗುತ್ತೆ. ಆದರೆ ಅಖಾಡದ ದೀಪ ಎಲ್ಲಿವರೆಗೆ ಬೀಳುತ್ತೆ, ಎಲ್ಲಿಂದಾಚೆ ಕತ್ತಲು ಅನ್ನೋದೂ ಕಾಣುತ್ತೆ.