ಹಾವುಮೀನಿನ ದಾರಿ

ಶೀತದೇಶಗಳ ಸಾಮನ್ ಮೀನು ಮೊಟ್ಟೆಯಿಡಲು ಕಡಲಿನಿಂದ ಹೊಳೆಗೆ ಏರಿಬರುವ ಸಂಗತಿಯನ್ನು ನೀವು ಓದಿರಬಹುದು. ಯಾದಗಿರಿಯ ಭೀಮೆಗೂ ಶಹಾಪುರ, ಸುರಪುರಗಳ ಕೃಷ್ಣೆಗೂ ಸೇರಿದ ಹಾವುಮೀನಿನ ನಡೆ ಇದಕ್ಕೆ ತಿರುವುಮುರುವು. ಅದು ಹುಟ್ಟುವುದು ಕಡಲಲ್ಲಿ. ಮರಿಯಾಗಿ ನೂರಾರು ಮೈಲಿ ಎದುರುನೀರಿನಲ್ಲಿ ಏರಿ, ಮಡುಗಳಲ್ಲಿ ವರ್ಷಗಟ್ಟಲೆ ಬೆಳೆದು, ಕೊನೆಗೊಮ್ಮೆ ಮೊಟ್ಟೆಯಿಡಲು ಕಡಲಿಗಿಳಿಯುತ್ತದೆ. ಇಳಿದದ್ದು ಮತ್ತೆ ಬಾರದು.

1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ದಖ್ಖಣದ ಮೀನುಗಳನ್ನು ಬಣ್ಣಿಸಿದಾಗ ಇದನ್ನೂ ಹೆಸರಿಸಿದ್ದನು. ಆಗ ಬೆಜವಾಡದ ಅಣೆಯೂ ಎದ್ದಿರಲಿಲ್ಲ. 1967ರಲ್ಲಿ ನಾಗಾರ್ಜುನಸಾಗರ, 1982ರಲ್ಲಿ ನಮ್ಮ ನಾರಾಯಣಪುರ, ನಡುವೆ ಶ್ರೀಶೈಲ, ಜುರಾಲ, ಭೀಮೆಗೆ ಸನ್ನತಿಯ ಬ್ಯಾರೇಜು, ಹೀಗೆ ದಾರಿ ಮುಚ್ಚುತ್ತ ಬಂತು. ತಜ್ಞರು ಈ ಜಾತಿಯನ್ನು ಈಗ ಅಪಾಯದ ಅಂಚಿನಲ್ಲಿ ಎಣಿಸುತ್ತಾರೆ.

ನೀರಾವರಿ ಬೇಡವೆಂದು ಯಾರು ಹೇಳಿಯಾರು? ಈ ಸೀಮೆಯ ಭತ್ತದ ಗದ್ದೆಗಳು ಅದರಿಂದಲೇ ಹಸುರು. ಆದರೆ ಹಾವುಮೀನಿನ ಮರಿ ಒದ್ದೆಯಾದ ಒರಟು ಗೋಡೆಯನ್ನು ಹತ್ತಬಲ್ಲುದು. ಬದಿಯಲ್ಲಿ ನೀರು ಜಿನುಗುವ ಒರಟು ಇಳಿಜಾರನ್ನು ಕಟ್ಟಿಕೊಟ್ಟರೆ ಬ್ಯಾರೇಜನ್ನಾದರೂ ದಾಟೀತು. ಹೊರದೇಶಗಳಲ್ಲಿ ಹೀಗೆ ಮಾಡಿದ್ದಾರೆ. ಕಷ್ಟದ್ದು ಇಳಿಯುವ ದಾರಿಯೇ. ಬೆಳೆದ ಮೀನು ವಿದ್ಯುದಾಗಾರದ ಚಕ್ರಕ್ಕೆ ಸಿಕ್ಕುತ್ತದೆ.

ನಿಮ್ಮ ಕೈಯಲ್ಲಿರುವುದು ಮಡು. ಬೇಸಗೆಯಲ್ಲಿ ಭೀಮೆ ಬತ್ತಿದಾಗ ಮೀನೆಲ್ಲ ಅಲ್ಲಿಗೇ ಸೇರುತ್ತದೆ. ಅಲ್ಲಿ ಮದ್ದು ಸಿಡಿಸಬೇಡಿ, ವಿಷ ಹಾಕಬೇಡಿ, ತಳದ ಮರಳು ತೋಡಬೇಡಿ. ದೊಡ್ಡ ಹಾವುಮೀನು ಬಲೆಗೆ ಬಿದ್ದರೆ ಬಿಟ್ಟುಬಿಡಿ. ಅದು ಇನ್ನೂ ಒಮ್ಮೆಯೂ ಮೊಟ್ಟೆಯಿಟ್ಟಿಲ್ಲ.