ಗಣಕಯಂತ್ರವೂ ದಾಸೋಹವೂ

(ಭಾನುವಳ್ಳಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಭದ್ರಾ ನಾಲೆಗೆ ನೀರು ಬಿಟ್ಟರೆಂಬ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಸುದ್ದಿ ಬಂದ ದಿನವೇ ಕೊನೇ ಭಾಗದ ಗದ್ದೆಗೆ ನೀರು ಬರುವುದಿಲ್ಲ. ಹರಿಹರ ತಾಲ್ಲೂಕಿನ ರೈತರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ವಿದ್ಯೆಯ ನಾಲೆಯೂ ಹೀಗೆಯೇ. ಕಂಪ್ಯೂಟರಿನ ವಿದ್ಯೆಯಿಂದ ಬೆಂಗಳೂರು ಜಗತ್ತಿಗೆಲ್ಲ ಹೆಸರಾಯಿತು. ಅದೇ ನಾಡಿನ ಹಳ್ಳಿಯ ಹುಡುಗ ಪದವಿ ಮುಗಿಸಿ ಸಂದರ್ಶನಕ್ಕೆ ಹೋದಾಗ ಕೀಲಿಮಣೆಯ ಮುಂದೆ ಅವನ ಬೆರಳು ನಡುಗುತ್ತದೆ. ಕೇಂದ್ರ ಸರ್ಕಾರ 2017–18ರಲ್ಲಿ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಪಟ್ಟಣಗಳಲ್ಲಿ ನೂರಕ್ಕೆ 23 ಮನೆಗಳಲ್ಲಿ ಕಂಪ್ಯೂಟರು ಇತ್ತು. ಹಳ್ಳಿಗಳಲ್ಲಿ ನೂರಕ್ಕೆ 4 ಮನೆಗಳಲ್ಲಿ ಮಾತ್ರ. 2020ರಲ್ಲಿ ಕೊರೊನಾ ಬಂದು ಶಾಲೆಗಳ ಬಾಗಿಲು ಮುಚ್ಚಿದಾಗ ಈ ಅಂತರದ ಬಿಸಿ ಬಡವರ ಮಕ್ಕಳಿಗೇ ಹೆಚ್ಚಾಗಿ ತಟ್ಟಿತು.

"ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆಯಲ್ಲ ಬುದ್ಧೀ" ಎಂದು ಕೆಲವರು ಕೇಳುತ್ತಾರೆ. ನೋಡುವ ವಿದ್ಯೆ ಬೇರೆ, ಮಾಡುವ ವಿದ್ಯೆ ಬೇರೆ. ಪತ್ರ ಬರೆಯುವುದು, ಜಮಾಖರ್ಚಿನ ಪಟ್ಟಿ ಸಿದ್ಧಪಡಿಸುವುದು, ಪ್ರೋಗ್ರಾಂ ರಚಿಸುವುದು, ಇವು ಕಂಪ್ಯೂಟರಿನ ಮುಂದೆ ಕುಳಿತು ರೂಢಿಸಿಕೊಳ್ಳಬೇಕಾದ ವಿದ್ಯೆಗಳು.

ಹೊಸ ಯಂತ್ರ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಆದ್ದರಿಂದ ದಾನದ ಮಾತು ಬರುತ್ತದೆ. ಕಠೋಪನಿಷತ್ತಿನ ಆರಂಭದಲ್ಲಿಯೇ ಒಂದು ದಾನದ ಪ್ರಸಂಗವಿದೆ. ವಾಜಶ್ರವಸನು ಯಾಗಮಾಡಿ ತನ್ನ ಸರ್ವಸ್ವವನ್ನೂ ಕೊಡಲು ಹೊರಟ. ಕೊಟ್ಟದ್ದು ಮಾತ್ರ ಹಾಲು ಬತ್ತಿದ ಗೊಡ್ಡು ಹಸುಗಳನ್ನು. ಅದನ್ನು ಕಂಡು ಕಳವಳಗೊಂಡವನು ಮಗ ನಚಿಕೇತ. ಕಚೇರಿಗಳಿಂದ ಬರುವ ಕಂಪ್ಯೂಟರುಗಳನ್ನು ಸ್ವೀಕರಿಸುವಾಗಲೂ ನಚಿಕೇತನ ಕಣ್ಣು ಇರಬೇಕು. ಕೆಟ್ಟು ಮೂಲೆಗೆ ಬಿದ್ದದ್ದನ್ನು ಹಳ್ಳಿಗೆ ಸಾಗಿಸಿ ಕೈತೊಳೆದುಕೊಂಡರೆ ಅದು ಕಸದ ವಿಲೇವಾರಿಯಾದೀತು, ದಾನವಾಗದು.

ಹಾಗೆಂದು ಹಳೆಯದೆಲ್ಲವೂ ಗೊಡ್ಡಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರಿನಲ್ಲಿ ನಿಲ್ಲಿಸಿತು. ಅದರ ಮುಂದಿನ ವಿಂಡೋಸ್ ಒಗ್ಗದ ಎಷ್ಟೋ ಯಂತ್ರಗಳು ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಇನ್ನೂ ಕೆಲವು ವರ್ಷ ಹಾಲು ಕರೆಯುತ್ತವೆ. ಬಲ್ಲವರಿಂದ ಪರೀಕ್ಷೆ ಮಾಡಿಸಿ ಪಡೆದರೆ ಸಂಕೋಚಪಡಬೇಕಾದ್ದಿಲ್ಲ.

ಇಂಥ ಕೆಲಸ ನಮ್ಮ ನಾಡಿಗೆ ಹೊಸದೂ ಅಲ್ಲ. ಇನ್ಫೋಸಿಸ್ ಸಂಸ್ಥೆ ತಾನು ಬಳಸಿದ ಕಂಪ್ಯೂಟರುಗಳನ್ನು ಶಾಲೆಗಳಿಗೆ ಕೊಡುವ ಕಾರ್ಯವನ್ನು 1999ರಲ್ಲಿ ಕೈಗೊಂಡಿತು; ಮೈಕ್ರೋಸಾಫ್ಟ್ ತಂತ್ರಾಂಶ ಕೊಟ್ಟು ಜೊತೆಗೂಡಿತು. 2010ರ ಸುಮಾರಿಗೆ ಬೆಂಗಳೂರಿನ ಗುರಪ್ಪನಪಾಳ್ಯದ ಕೊಳೆಗೇರಿಯಲ್ಲಿ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರ ನಡೆಯುತ್ತಿತ್ತು. ಮುಕ್ತ ತಂತ್ರಾಂಶ ಚಳವಳಿಯ ಯುವಕರು ತಮ್ಮ ಬಿಡುವಿನ ವೇಳೆಯಲ್ಲಿ ಅಲ್ಲಿಗೆ ಹೋಗಿ ಕೂಲಿಕಾರರ ಮಕ್ಕಳಿಗೆ ಕಲಿಸಿದರು. ಆ ಮಕ್ಕಳು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವುದನ್ನೂ ಕಲಿತರು. ಅಲ್ಲಿ ಯಂತ್ರಕ್ಕಿಂತ ದೊಡ್ಡದು, ಕಲಿತವರು ಬಂದು ಕಲಿಯುವವರ ಪಕ್ಕದಲ್ಲಿ ಕುಳಿತದ್ದು.

ಯಂತ್ರಕ್ಕೂ ಮಠಕ್ಕೂ ಏನು ಸಂಬಂಧವೆಂದು ಯಾರೂ ಶಂಕಿಸಬೇಡಿ. ನಾವು ಸಂಸ್ಕೃತ ಪಾಠಶಾಲೆಯಲ್ಲಿ ಪಾಣಿನಿಯ ಸೂತ್ರಗಳನ್ನು ಬಾಯಿಪಾಠ ಮಾಡಿ ಬೆಳೆದವರು. ಅವೇ ಸೂತ್ರಗಳನ್ನು ಸಿರಿಗೆರೆಯ ತರಳಬಾಳು ಜಗದ್ಗುರು ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು 'ಗಣಕಾಷ್ಟಾಧ್ಯಾಯಿ' ಎಂಬ ತಂತ್ರಾಂಶದ ಮೂಲಕ ಗಣಕಯಂತ್ರಕ್ಕೆ ಅಳವಡಿಸಿದರು. ವಿದ್ಯೆಗೆ ಮಡಿಮೈಲಿಗೆಯಿಲ್ಲ.

ಇನ್ನು ಮುಖ್ಯವಾದ ಮಾತು. ದಾನಕ್ಕೂ ದಾಸೋಹಕ್ಕೂ ವ್ಯತ್ಯಾಸವಿದೆ. ದಾನದಲ್ಲಿ 'ನಾನು ಕೊಟ್ಟೆ' ಎಂಬುದು ಉಳಿಯಬಹುದು. ದಾಸೋಹದಲ್ಲಿ ಆ 'ನಾನು' ಕರಗಬೇಕು. ಯಂತ್ರದ ಮೇಲೆ ಕೊಟ್ಟವರ ಹೆಸರು ದೊಡ್ಡದಾಗಿ ಬರೆಸಿ, ಫೋಟೋ ತೆಗೆಸಿಕೊಂಡು, ಆಮೇಲೆ ಕೋಣೆಗೆ ಬೀಗ ಹಾಕಿದ್ದನ್ನು ನಾವು ಕೆಲವು ಕಡೆ ಕಂಡಿದ್ದೇವೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಅದರ ಮುಸುಕು ತೆಗೆದು ಕುಂಕುಮ ಹಚ್ಚುತ್ತಾರೆ. ಮಕ್ಕಳ ಬೆರಳು ಸೋಕದ ಯಂತ್ರಕ್ಕೆ ಎಷ್ಟು ಪೂಜೆ ಮಾಡಿದರೇನು ಫಲ?

ಆದ್ದರಿಂದ ಯಂತ್ರ ಬರುವ ಮೊದಲೇ ನಾಲ್ಕು ವಿಷಯ ನಿಶ್ಚಯವಾಗಲಿ. ಕರೆಂಟು, ಇಂಟರ್‌ನೆಟ್ಟು, ರಿಪೇರಿಯ ಖರ್ಚನ್ನು ಯಾರು ಹೊರುತ್ತಾರೆಂಬುದು ಮೊದಲನೆಯದು. ಎರಡನೆಯದು ಕಲಿಸುವವರು. ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ನಿಮ್ಮ ಮಕ್ಕಳೇ ಭಾನುವಾರ ಎರಡು ತಾಸು ಬಂದು ಇದನ್ನು ಕಾಯಕವೆಂದು ಮಾಡಲಿ. ಮೂರನೆಯದು ಹೆಣ್ಣುಮಕ್ಕಳು. ಕತ್ತಲಾದ ಮೇಲೆ ಅವರನ್ನು ಕಳಿಸುವುದಿಲ್ಲವೆಂದು ತಾಯಂದಿರು ಹೇಳುತ್ತೀರಿ. ಹಾಗಾದರೆ ಹಗಲಿನ ವೇಳೆ ಅವರಿಗೇ ಮೀಸಲಾಗಲಿ, ಹುಡುಗರು ಸಂಜೆ ಬರಲಿ. ಹನ್ನೆರಡನೆಯ ಶತಮಾನದಲ್ಲಿಯೇ ಹೆಣ್ಣುಮಕ್ಕಳು ವಚನ ಬರೆದ ಧರ್ಮ ನಮ್ಮದು. ಅವರ ಕೈಗೆ ಕೀಲಿಮಣೆ ಕೊಡಲು ನಾವು ಹಿಂಜರಿಯಬಹುದೇ? ನಾಲ್ಕನೆಯದು, ಆ ಕೋಣೆಯ ಬಾಗಿಲಲ್ಲಿ ಯಾವ ಕೇರಿಯವನು, ಯಾರ ಮಗನು ಎಂದು ಯಾರೂ ಕೇಳಕೂಡದು.

ಮುಂದಿನ ವರ್ಷ ನಾವು ಮತ್ತೆ ಇಲ್ಲಿಗೆ ಬಂದಾಗ ನಮಗೆ ಹಾರತುರಾಯಿ ಬೇಡ. ಮಕ್ಕಳ ಬೆರಳು ಆಡಿ ಆಡಿ ಅಕ್ಷರ ಮಾಸಿದ ಒಂದು ಕೀಲಿಮಣೆ ತೋರಿಸಿ. ಅದನ್ನೇ ನಿಮ್ಮ ಭಕ್ತಿಕಾಣಿಕೆಯೆಂದು ಸ್ವೀಕರಿಸುತ್ತೇವೆ.